ಹಳೆಯ ಮೈಸೂರು ಚಿತ್ರಕ್ಕೆ ಹೊಸ ಕಟ್ಟು ಹಾಕಿಸುವ ಮುನ್ನ

ಮನೆಯಲ್ಲಿರುವ ಹಳೆಯ ಮೈಸೂರು ಶೈಲಿಯ ಚಿತ್ರಕ್ಕೆ ಹೊಸ ಕಟ್ಟು ಹಾಕಿಸಲು ಹೊರಟವರು, ಅಂಗಡಿಯವರಿಗೆ ಎರಡು ಕೆಲಸ ಬರುತ್ತದೆಯೇ ಎಂದು ಮೊದಲು ವಿಚಾರಿಸಬೇಕು. ಚಿತ್ರಕ್ಕೂ ಗಾಜಿಗೂ ನಡುವೆ ಅಂತರ ಉಳಿಸುವುದು ಒಂದು; ಚಿತ್ರವನ್ನು ಹಲಗೆಗೆ ಅಂಟಿಸದೆಯೇ ಕೂರಿಸುವುದು ಇನ್ನೊಂದು. ಇವೆರಡೂ ಗೊತ್ತಿಲ್ಲದವರ ಕೈಗೆ ಹೋಗಿ, ನಮ್ಮ ಮನೆತನದಲ್ಲಿ ತಲೆಮಾರುಗಳಿಂದ ಜೋಪಾನವಾಗಿದ್ದ ಶ್ರೀರಾಮ ಪಟ್ಟಾಭಿಷೇಕದ ಚಿತ್ರವೊಂದು ಸರಿಪಡಿಸಲಾಗದಷ್ಟು ಹಾಳಾಗಿದೆ.

ಹಳೆಯ ಕಟ್ಟಿಗೆ ಗೆದ್ದಲು ಹಿಡಿದಿದ್ದರಿಂದ ಅದನ್ನು ಬದಲಿಸಲೇಬೇಕಾಗಿತ್ತು. ಇದು ಕೈಯಿಂದ ಬರೆದ ಹಳೆಯ ಚಿತ್ರ, ಕಟ್ಟನ್ನು ಮಾತ್ರ ಬದಲಿಸಿ ಎಂದು ಅಂಗಡಿಯವರಿಗೆ ಸ್ಪಷ್ಟವಾಗಿ ಹೇಳಿಯೇ ಕೊಟ್ಟಿದ್ದೆವು. ಅವರು ಚಿತ್ರದ ಕಾಗದವನ್ನು ನೀರಿನಲ್ಲಿ ನೆನೆಸಿ ಹಳೆಯ ಹಲಗೆಯಿಂದ ಬಿಡಿಸಿ, ಮೇಲ್ಮೈಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಮರಗೆಲಸಕ್ಕೆ ಬಳಸುವ ಬಿಳಿ ಅಂಟಿನಿಂದ ಪ್ಲೈವುಡ್ಡಿಗೆ ಅಂಟಿಸಿ, ಅದರ ಮೇಲೆ ನೇರವಾಗಿ ಗಾಜು ಒತ್ತಿ, ಹಿಂಬದಿಗೆ ಕಂದು ಟೇಪು ಸುತ್ತಿ ಕೊಟ್ಟರು. ಹಳೆಯ ಹಲಗೆಯ ಹಿಂದೆ ಶಾಯಿಯಲ್ಲಿ ಬರೆದಿದ್ದ ಚಿತ್ರಗಾರರ ಹೆಸರು ಮತ್ತು ಸಂವತ್ಸರ ಆ ಹಲಗೆಯೊಂದಿಗೇ ಕಸಕ್ಕೆ ಹೋಯಿತು. ಬಣ್ಣ ಹೋದದ್ದಕ್ಕಿಂತಲೂ ಈ ನಷ್ಟ ನನ್ನನ್ನು ಹೆಚ್ಚು ನೋಯಿಸುತ್ತದೆ, ಏಕೆಂದರೆ ಚಿತ್ರ ಯಾರದು, ಯಾವ ಕಾಲದ್ದು ಎಂಬುದಕ್ಕೆ ನಮ್ಮಲ್ಲಿದ್ದ ಆಧಾರ ಅದೊಂದೇ ಆಗಿತ್ತು.

ಮನೆಗೆ ಬಂದಾಗ ಚಿತ್ರ ಹೊಳೆಯುತ್ತಿತ್ತು. ಶಿವಮೊಗ್ಗದ ಮಳೆಗಾಲ ಮುಗಿಯುವ ಹೊತ್ತಿಗೆ ಗಾಜಿನ ಒಳಗೆ ಬೂಷ್ಟು ಕಾಣಿಸಿತು; ರಾಮನ ಕಿರೀಟ ಮತ್ತು ಸೀತೆಯ ಒಡವೆಗಳಿದ್ದ ಕಡೆ ಗಾಜು ಚಿತ್ರಕ್ಕೆ ಕಚ್ಚಿಕೊಂಡಿತ್ತು.

ಹೀಗೇಕಾಯಿತೆಂದು ತಿಳಿಯಬೇಕಾದರೆ ಮೈಸೂರು ಚಿತ್ರ ಹೇಗೆ ತಯಾರಾಗುತ್ತದೆ ಎಂಬುದನ್ನು ನೋಡಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಈ ಪರಂಪರೆಯಲ್ಲಿ ಒಡವೆ, ಕಿರೀಟ, ಮಂಟಪದ ಕಂಬಗಳನ್ನು ಬರಿಯ ಬಣ್ಣದಲ್ಲಿ ಬಿಡಿಸುವುದಿಲ್ಲ. ಸೀಸದ ಬಿಳಿ ಪುಡಿ, ಗ್ಯಾಂಬೋಜ್ ಎಂಬ ಹಳದಿ ಮರದಂಟು ಮತ್ತು ಗೋಂದು ಸೇರಿಸಿದ ಗೆಸ್ಸೋ ಎಂಬ ಲೇಪದಿಂದ ಅವುಗಳನ್ನು ಉಬ್ಬಿಸಿ, ಅದರ ಮೇಲೆ ಚಿನ್ನದ ತೆಳು ಹಾಳೆಯನ್ನು ಕೂರಿಸುತ್ತಾರೆ. ತಂಜಾವೂರಿನ ಚಿತ್ರಗಳಲ್ಲಿ ಈ ಉಬ್ಬು ದಪ್ಪವಾಗಿ ಕಣ್ಣಿಗೆ ಹೊಡೆಯುತ್ತದೆ. ಮೈಸೂರಿನದು ಬಹಳ ತೆಳುವಾದ, ಸೂಕ್ಷ್ಮವಾದ ಉಬ್ಬು. ಆದ್ದರಿಂದಲೇ ಕಟ್ಟು ಹಾಕುವವರು ಅದನ್ನು ಗಮನಿಸದೆ, ಅಚ್ಚಾದ ದೇವರ ಪಟಕ್ಕೆ ಮಾಡುವಂತೆಯೇ ಗಾಜನ್ನು ಒತ್ತಿಬಿಡುತ್ತಾರೆ. ಗೋಂದು ನೀರಿಗೆ ಕರಗುವ ವಸ್ತು. ಹೊರಗಿನ ಗಾಳಿ ತಣ್ಣಗಾದಾಗ ಗಾಜಿನ ಒಳಮೈಗೆ ತೇವ ಕೂರುತ್ತದೆ, ಆ ತೇವಕ್ಕೆ ಗೋಂದು ಮೆತ್ತಗಾಗಿ ಗಾಜಿಗೆ ಅಂಟುತ್ತದೆ, ಒಣಗಿದ ಮೇಲೆ ಅಲ್ಲಿಯೇ ಗಟ್ಟಿಯಾಗುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದಾಗ ಹೋದದ್ದು ಕೊಳೆಯಷ್ಟೇ ಅಲ್ಲ, ಮುಖಗಳ ಮೇಲಿನ ಸಣ್ಣ ಗೆರೆಗಳೂ ಹೋದವು.

ಬಿಳಿ ಅಂಟಿನ ತೊಂದರೆ ಇದಕ್ಕಿಂತ ದೊಡ್ಡದು. ಗಂಜಿ ಅಂಟನ್ನು ಯಾವಾಗ ಬೇಕಾದರೂ ತೇವ ಕೊಟ್ಟು ಬಿಡಿಸಬಹುದು. ಮರಗೆಲಸದ ಅಂಟು ಒಮ್ಮೆ ಒಣಗಿ ಹಳತಾದರೆ, ನೀರಿಗೆ ಬೆದರುವ ಇಂತಹ ಚಿತ್ರಕ್ಕೆ ಹಾನಿಯಾಗದಂತೆ ಅದನ್ನು ಕರಗಿಸುವ ದಾರಿಯೇ ಇರುವುದಿಲ್ಲ. ನಾವು ಚಿತ್ರವನ್ನು ತೋರಿಸಿದ ಸಂರಕ್ಷಣಾ ತಜ್ಞರು, ಪ್ಲೈವುಡ್ಡನ್ನು ಹಿಂದಿನಿಂದ ಪದರ ಪದರವಾಗಿ ಕೆತ್ತಿ ತೆಗೆಯುವುದೊಂದೇ ಉಪಾಯವೆಂದರು. ಗಾಜನ್ನು ಅವರು ಬಹಳ ತಾಳ್ಮೆಯಿಂದ ಬಿಡಿಸಿದರೂ ಕಿರೀಟದ ಚಿನ್ನದಲ್ಲಿ ಹೆಚ್ಚಿನ ಪಾಲು ಗಾಜಿನ ಮೇಲೆಯೇ ಉಳಿಯಿತು.

ಈಗಾಗಲೇ ಗಾಜು ಅಂಟಿಕೊಂಡಿರುವ ಚಿತ್ರ ನಿಮ್ಮಲ್ಲಿದ್ದರೆ, ಅದನ್ನು ಎಳೆದು ಬಿಡಿಸಲು ಹೋಗಬೇಡಿ, ಕೂದಲು ಒಣಗಿಸುವ ಯಂತ್ರದಿಂದ ಬಿಸಿ ಮಾಡಬೇಡಿ. ಗಾಜಿನೊಂದಿಗೇ ಅಡ್ಡಲಾಗಿ ಮಲಗಿಸಿ ತಜ್ಞರ ಬಳಿಗೆ ಒಯ್ಯಿರಿ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಕಲಾಕೃತಿ ಸಂರಕ್ಷಣಾ ಕೇಂದ್ರವಿದೆ, ವಿಚಾರಿಸಬಹುದು.

ಹೊಸದಾಗಿ ಕಟ್ಟು ಹಾಕಿಸುವವರು, ಚಿತ್ರದ ಸುತ್ತ ಗಾಜಿನ ಕೆಳಗೆ ಕೂರಿಸುವ ರಟ್ಟಿಗೆ ಆಮ್ಲರಹಿತ ಮೌಂಟ್ ಬೋರ್ಡನ್ನೇ ಕೇಳಿ ಪಡೆಯಬೇಕು. ಸಾಮಾನ್ಯ ರಟ್ಟಿನ ಆಮ್ಲವು ಕೆಲವು ವರ್ಷಗಳಲ್ಲಿ ಕಾಗದದ ಅಂಚಿಗೆ ಇಳಿದು ಕಂದು ಗೆರೆಯನ್ನು ಮೂಡಿಸುತ್ತದೆ. ಉಬ್ಬು ಕೆಲಸವಿರುವ ಚಿತ್ರಕ್ಕೆ ಮೌಂಟಿನ ದಪ್ಪವೊಂದೇ ಸಾಲದಿರಬಹುದು. ಕಟ್ಟಿನ ಒಳ ಅಂಚಿನಲ್ಲಿ, ಗಾಜಿನ ಕೆಳಗೆ, ಸುತ್ತಲೂ ತೆಳು ಪಟ್ಟಿ ಕೂರಿಸಿ 5-6 ಮಿಲಿಮೀಟರಿನಷ್ಟು ಅಂತರ ಉಳಿಸಿದರೆ ಒಳ್ಳೆಯದು. ಹಗುರವೆಂದು ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕಲು ಕೆಲವರು ಸಲಹೆ ಕೊಡುತ್ತಾರೆ. ಒರೆಸಿದಾಗ ಅದರಲ್ಲಿ ಹುಟ್ಟುವ ಸ್ಥಾಯಿ ವಿದ್ಯುತ್ತು ಸಡಿಲವಾದ ಚಿನ್ನದ ಚೂರುಗಳನ್ನು ಮೇಲಕ್ಕೆ ಸೆಳೆಯುವುದರಿಂದ, ಗೆಸ್ಸೋ ಬಿರುಕು ಬಿಟ್ಟಿರುವ ಚಿತ್ರಕ್ಕೆ ಅದು ಸಲ್ಲದು. ಕೊಡುವ ಮೊದಲು ಚಿತ್ರದ ಎರಡೂ ಬದಿಗಳ ಫೋಟೋ ತೆಗೆದಿಟ್ಟುಕೊಳ್ಳಿ, ಹಳೆಯ ಹಲಗೆಯನ್ನು ಬೇರ್ಪಡಿಸಬಾರದು, ಒರೆಸಬಾರದು, ಅಂಟಿಸಬಾರದು ಎಂಬುದನ್ನು ರಸೀದಿಯಲ್ಲಿಯೇ ಬರೆಸಿ. ಸಾಧ್ಯವಿದ್ದರೆ ಎದುರಿಗೆ ಕುಳಿತೇ ಕೆಲಸ ಮಾಡಿಸಿಕೊಳ್ಳಿ. ಬರೆಸಲು ಒಪ್ಪದ ಅಂಗಡಿಗೆ ಕೊಡಬೇಡಿ.

ತೂಗುಹಾಕುವ ಜಾಗವೂ ಅಷ್ಟೇ ಮುಖ್ಯ. ಮಳೆಯ ಇರಚಲು ಬಡಿಯುವ ಹೊರಗೋಡೆ, ಬಚ್ಚಲುಮನೆಗೆ ತಾಗಿದ ಗೋಡೆ ಬೇಡ. ದೇವರ ಚಿತ್ರವೆಂದು ಪೂಜಾಗೃಹದಲ್ಲಿಡುವುದು ನಮ್ಮಲ್ಲಿ ಸಹಜವಾದರೂ, ದೀಪದ ಎಣ್ಣೆ ಹೊಗೆ ಬಣ್ಣದ ಮೇಲೆ ಜಿಡ್ಡಾಗಿ ಕೂರುತ್ತದೆ. ಗಂಧಕ ಬೆರೆತ ಹೊಗೆ, ಅನಿಲಗಳು ತಾಗಿದರೆ ಸೀಸದ ಬಿಳಿ ಕಪ್ಪಾಗುತ್ತದೆ. ಪೂಜೆಗೆ ಅದೇ ಚಿತ್ರದ ಒಳ್ಳೆಯ ಪ್ರತಿಯೊಂದನ್ನು ಮುದ್ರಿಸಿ ಇಟ್ಟುಕೊಂಡು, ಮೂಲವನ್ನು ಒಳಕೋಣೆಯ ಒಣ ಗೋಡೆಗೆ ಹಾಕಬಹುದು. ಬಿಸಿಲು ನೇರವಾಗಿ ಬೀಳಬಾರದು. ಕಾಗದದ ಮೇಲಿನ ಕೃತಿಗಳಿಗೆ ವಸ್ತುಸಂಗ್ರಹಾಲಯಗಳು ಸಾಮಾನ್ಯವಾಗಿ 50 ಲಕ್ಸ್‌ನಷ್ಟು (ಲಕ್ಸ್ ಎಂದರೆ ಬೆಳಕಿನ ಅಳತೆ) ಮಂದ ಬೆಳಕನ್ನೇ ಪಾಲಿಸುತ್ತವೆ. ಕಟ್ಟಿನ ಕೆಳಗಿನ ಎರಡು ಮೂಲೆಗಳಿಗೆ ಬಿರಡೆಯ ಚೂರು ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಮಳೆಗಾಲದಲ್ಲಿ ಆಗಾಗ ಚಿತ್ರವನ್ನು ಇಳಿಸಿ, ಹಿಂಬದಿಯ ಗೋಡೆಯನ್ನು ಅಂಗೈಯಿಂದ ಮುಟ್ಟಿ ನೋಡಿ. ತಣ್ಣಗೆ, ಒದ್ದೆಯಾಗಿ ತಾಗಿದರೆ ಅಂದೇ ಜಾಗ ಬದಲಿಸಿ.