ಹೊಸ ಡಬಲ್ ಬ್ಯಾರಲ್ ಕೋವಿ ಮಾಡಿಸುವವರು ಲೈಸೆನ್ಸಿಗೆ ಅದರ ನಂಬರ್ ಹತ್ತಿಸುವ ಮುಂಚೆ ಇದನ್ನು ಓದಿ

ಬೆಳೆ ಕಾಯೋಕೆ ಅಂತ ಆರ್ಡರ್ ಕೊಟ್ಟು ಹನ್ನೆರಡು ಬೋರಿನ ಕೋವಿ ಮಾಡಿಸುವ ಯೋಚನೆ ಇರುವವರು, ಅದರಲ್ಲೂ ನಮ್ಮ ಮಧುಗಿರಿ, ಕೊರಟಗೆರೆ, ಪಾವಗಡ ಕಡೆಯವರು, ಪೂರ್ತಿ ದುಡ್ಡು ಕೊಡುವ ಮುಂಚೆ ಪಟ್ಟು ಹಿಡಿದು ಒಂದು ಕೇಳಿ: ಇದೇ ಕೋವಿಯಲ್ಲಿ ಹೊಡೆದ ಖಾಲಿ ಕೇಸು (ತೋಟಾ ಹೊಡೆದ ಮೇಲೆ ಉಳಿಯುವ ಹೊರಕವಚ) ಕೈಗೆ ಕೊಡಿ, ಎರಡೂ ನಳಿಗೆಯದ್ದು. ಕೊಡಲ್ಲ ಅಂದರೆ ಎದ್ದು ಬನ್ನಿ. ನಾನು ತಯಾರಕರನ್ನು ಕೇಳಿದೆ. "ಪ್ರೂಫ್ ಆಗಿದೆ ಸಾರ್, ಸರ್ಕಾರದ ಮುದ್ರೆನೇ ಇದೆ, ಇನ್ನೇನು ಬೇಕು" ಅಂದರು. ಆ ಮುದ್ರೆಗೆ ಅರ್ಥ ಇಷ್ಟೇ: ಹೆಚ್ಚಿನ ಒತ್ತಡದ ತೋಟಾ ಹೊಡೆದರೂ ನಳಿಗೆ ತಡೆದುಕೊಂಡಿತು. ಹೊಡೆದ ಮೇಲೆ ಕೇಸು ಸಲೀಸಾಗಿ ಹೊರಗೆ ಬರುತ್ತೋ ಇಲ್ಲವೋ ಅನ್ನೋದನ್ನು ಅದು ಹೇಳಲ್ಲ.

ನಮ್ಮ ಹೊಲ ಕಾಡಂಚಲ್ಲಿದೆ. ಕಡಲೆಕಾಯಿ ಬಲಿಯುವ ಹೊತ್ತಿಗೆ ಹಂದಿ ಹಿಂಡು ಇಳಿದು ರಾತ್ರಿ ಬೆಳಗಾಗೋದರೊಳಗೆ ಸಾಲಿಗೆ ಸಾಲೇ ಮಗುಚಿ ಹಾಕುತ್ತೆ. ಕರಡಿ ಬೇರೆ. ಶಿಕಾರಿ ಆಸೆಗೆ ಯಾರೂ ಇದನ್ನು ಓದಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಬೆಳೆ ತಿನ್ನುವ ಹಂದಿಗೂ ಲಿಖಿತ ಅನುಮತಿ ಇಲ್ಲದೆ ಹೊಡೆಯೋ ಹಾಗಿಲ್ಲ. ನಾವು ಹೊಡೆಯೋದು ಸದ್ದಿಗೆ, ಬದುವಿನ ಮಣ್ಣಿಗೆ.

ಕೋವಿ ನೋಡೋಕೆ ಮಾತ್ರ ಸೊಗಸಾಗಿತ್ತು. ವಾಲ್‌ನಟ್ ಮರದ ಹಿಡಿ, ನನ್ನ ತೋಳಿನ ಅಳತೆಗೆ ಸರಿಯಾಗಿ ಕೂರಿಸಿದ್ದು. ಹೊಡೆಯದ ತೋಟಾ ಹಾಕಿದರೆ ಎರಡೂ ನಳಿಗೆಗೆ ಜಾರಿ ಇಳಿಯೋದು, ಜಾರಿ ಬರೋದು. ಅದನ್ನೇ ತೋರಿಸಿ ಮಾರುತ್ತಾರೆ. ತೊಂದರೆ ಗೊತ್ತಾಗೋದು ಹೊಡೆದ ಮೇಲೆ.

ಮೊದಲ ಸಲ ಬಲ ನಳಿಗೆ ಹೊಡೆದು, ಕೇಸು ತೆಗೆಯೋಕೆ ಕೋವಿ ಮಡಚಿ ತೆರೆದರೆ ಅರ್ಧಕ್ಕೆ ನಿಂತುಬಿಡ್ತು. ಈ ತರದ ಕೋವಿಯಲ್ಲಿ ಎರಡೂ ಕೇಸನ್ನು ಎತ್ತೋದು ಒಂದೇ ಎಕ್ಸ್‌ಟ್ರಾಕ್ಟರ್. ಬಲಗಡೆ ಕೇಸು ಕಚ್ಚಿಕೊಂಡರೆ ಅದು ಮೇಲೇಳಲ್ಲ, ಕೋವಿ ಪೂರ್ತಿ ತೆರೆಯಲ್ಲ, ಎಡಗಡೆ ಇರುವ ಜೀವಂತ ತೋಟಾ ತೆಗೆಯೋಕೂ ಆಗಲ್ಲ. ಅಂದರೆ ತುಂಬಿದ ಕೋವಿ, ಅತ್ತ ತೆರೆಯದೆ ಇತ್ತ ಮುಚ್ಚದೆ ಕೈಯಲ್ಲಿ. ನಮ್ಮ ಚಿಕ್ಕಪ್ಪ "ತಡಿಯಪ್ಪ, ಬಾಯಿ ಕಡೆಯಿಂದ ಕಡ್ಡಿ ಹಾಕಿ ಒಂದು ಏಟು ಕೊಡ್ತೀನಿ" ಅಂತ ಎದ್ದೇಬಿಟ್ಟರು. "ಚಿಕ್ಕಪ್ಪಾ, ಎಡಗಡೆ ತುಂಬಿದೆ, ಮುಂದೆ ಬರಬೇಡಿ" ಅಂತ ಕೂಗಿ ನಿಲ್ಲಿಸಿದೆ. ನಳಿಗೆ ಬಾಯಿ ಬದುವಿನ ಕಡೆ ಇಟ್ಟುಕೊಂಡೇ, ಟ್ರಿಗರ್ ಹತ್ತಿರ ಬೆರಳು ಸುಳಿಯದ ಹಾಗೆ ನಿಧಾನಕ್ಕೆ ಅದುಮಿದಾಗ ಎಕ್ಸ್‌ಟ್ರಾಕ್ಟರ್ ಬಲಗಡೆ ಕೇಸಿನ ಅಂಚಿನಿಂದ ಟಕ್ ಅಂತ ಜಾರಿ ಮೇಲೆ ಬಂತು. ಎಡಗಡೆ ತೋಟಾ ಮೊದಲು ಆಚೆಗೆ. ಖಾಲಿ ಕೇಸು ಅಲ್ಲೇ ಕೂತಿತ್ತು. ಎರಡೂ ನಳಿಗೆಯಲ್ಲಿ ಜೀವಂತ ತೋಟಾ ಇಲ್ಲ ಅಂತ ಕಣ್ಣಾರೆ ನೋಡಿದ ಮೇಲೆ ಮರದ ಕಡ್ಡಿಯಿಂದ ತಟ್ಟಿದ್ದಕ್ಕೆ ಹೊರಗೆ ಬಂತು.

ತಯಾರಕರಿಗೆ ಫೋನ್ ಮಾಡಿದರೆ ಸಿಕ್ಕ ಉತ್ತರ: "ಹೊಸದಲ್ವಾ ಸಾರ್, ಸ್ವಲ್ಪ ಬಿಗಿ ಇರ್ತದೆ, ಹೊಡೀತಾ ಹೊಡೀತಾ ಸಡಿಲ ಆಯ್ತದೆ. ನಿಮ್ಮ ತೋಟಾನೇ ಸರಿ ಇಲ್ಲ." ಎರಡೂ ಮಾತನ್ನು ಸುಮ್ಮನೆ ನಂಬಬೇಡಿ. ಒರಟು ಚೇಂಬರ್ (ನಳಿಗೆಯ ಹಿಂಬದಿಯಲ್ಲಿ ತೋಟಾ ಕೂರುವ ಜಾಗ) ತೋಟಾ ಹೊಡೆದು ಹೊಡೆದು ನುಣುಪಾಗಲ್ಲ. ಸುಟ್ಟ ಮಸಿ, ಕರಗಿದ ಪ್ಲಾಸ್ಟಿಕ್ ಗೆರೆಗಳಲ್ಲಿ ಕೂತು ಇನ್ನೂ ಬಿಗಿಯಾಗುತ್ತೆ.

ತೋಟಾದ್ದೇ ತಪ್ಪು ಇರಬಾರದು ಅಂತೇನಿಲ್ಲ, ಅದನ್ನು ಬಿಡಿಸಿ ನೋಡಬೇಕು. ಹೊಡೆದಾಗ ಕೇಸು ಹಿಗ್ಗಿ ಚೇಂಬರಿನ ಗೋಡೆಗೆ ಒತ್ತಿಕೊಳ್ಳುತ್ತೆ, ಒತ್ತಡ ಇಳಿದ ಮೇಲೆ ಒಂಚೂರು ಕುಗ್ಗುತ್ತೆ. ಆ ಕುಗ್ಗಿದ ಎಳೆಯಷ್ಟು ಸಂದಿನಿಂದಲೇ ಅದು ಹೊರಗೆ ಬರೋದು. ಕೇಸಿನ ಬುಡದ ಲೋಹದ ಟೋಪಿ ಹಿತ್ತಾಳೆಯದ್ದಾದರೆ ಚೆನ್ನಾಗಿ ಕುಗ್ಗುತ್ತೆ. ಹಿತ್ತಾಳೆ ಲೇಪದ ಉಕ್ಕಿನದ್ದು ಅಷ್ಟು ಕುಗ್ಗಲ್ಲ. ಇನ್ನೊಂದು, ಉದ್ದ. ತೋಟಾದ ಮೇಲೆ 65 ಅಥವಾ 70 ಮಿ.ಮೀ. ಅಂತ ಬರೆದಿರೋದು ಹೊಡೆದು ಮುಂದಿನ ಮಡಿಸಿದ ಬಾಯಿ ಬಿಚ್ಚಿಕೊಂಡ ಮೇಲಿನ ಉದ್ದ. ಹೊಡೆಯುವ ಮುಂಚೆ ಅದು ಗಿಡ್ಡ, ಹಾಗಾಗಿ 70ರ ತೋಟಾ 65ರ ಚೇಂಬರಿಗೂ ಆರಾಮಾಗಿ ಹೋಗುತ್ತೆ. ಹೊಡೆದರೆ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಇಲ್ಲದೆ ಒತ್ತಡ ಏರುತ್ತೆ, ಕೇಸೂ ಕಚ್ಚುತ್ತೆ. ಇದು ಬರೀ ಬಿಗಿ ಸಮಸ್ಯೆ ಅಲ್ಲ, ಅಪಾಯ. ನಳಿಗೆ ಕಳಚಿ ಅಡಿಯ ಸಪಾಟು ಜಾಗದಲ್ಲಿ ಚೇಂಬರಿನ ಉದ್ದ ಕೊರೆದಿರುತ್ತಾರೆ, ಮೊದಲು ಅದನ್ನು ಓದಿ. ನನ್ನದು 70, ತೋಟಾನೂ 70.

ಆಮೇಲೆ ಅದೇ ಡಬ್ಬಿಯ ತೋಟಾಗಳನ್ನು ಎಡ ನಳಿಗೆಯಲ್ಲಿ ಹೊಡೆದೆ, ಕೇಸು ಬೆರಳಲ್ಲಿ ಬಂತು. ಪಕ್ಕದ ಹೊಲದ ಅಣ್ಣ ಅವರದೇ ಹಳೇ ಕೋವಿಯಲ್ಲಿ ಅದೇ ಕಂಪನಿಯದ್ದು, ಅದೇ ಅಳತೆಯದ್ದು ಹೊಡೆದರು, ಅಲ್ಲೂ ಬಂತು. ಬಲ ನಳಿಗೆಯಲ್ಲಿ ಮಾತ್ರ ಬೇರೆ ಕಂಪನಿಯ ತೋಟಾನೂ ಕಚ್ಚಿಕೊಳ್ತು. ತೋಟಾ ಅಲ್ಲ ಅಂತ ಆಯ್ತು. ಚೇಂಬರನ್ನು ಕಂಚಿನ ಬ್ರಷ್ಷಲ್ಲಿ ಉಜ್ಜಿ ಫ್ಯಾಕ್ಟರಿ ಗ್ರೀಸೆಲ್ಲ ತೆಗೆದು ಒಣಗಿಸಿದರೂ ಅದೇ ಕತೆ. ಕೆಲವರು ಎಣ್ಣೆ ಸವರಿ ಹೊಡೀರಿ ಅಂತಾರೆ, ಬೇಡ. ಗೋಡೆಗೆ ಹಿಡಿತ ತಪ್ಪಿದರೆ ಕೇಸು ಹಿಂದಕ್ಕೆ ಒದೆಯುವ ಭಾರವೆಲ್ಲ ನಳಿಗೆಯ ಹಿಂದೆ ಮುಚ್ಚುವ ಬಾಗಿಲ ಮೇಲೆ ಬೀಳುತ್ತೆ.

ಕೊನೆಗೆ ಕೇಸೇ ಬಾಯಿ ಬಿಡ್ತು. ಬಿಸಿಲಿಗೆ ಹಿಡಿದರೆ ಬಲಗಡೆ ಕೇಸುಗಳ ಮೈ ಸುತ್ತ ಅಡ್ಡ ಗೆರೆ, ಬುಡದ ಲೋಹದ ಮೇಲೂ ಅದೇ ಬಳೆ. ಎಡಗಡೆಯವು ನುಣುಪು. ಬೆಂಗಳೂರಿನಲ್ಲಿ ರಿಪೇರಿ ಲೈಸೆನ್ಸ್ ಇರುವ ಹಿರಿಯರೊಬ್ಬರಿಗೆ ತೋರಿಸಿದೆ. ಅವರು ಸಣ್ಣ ಲೈಟ್ ಬಿಟ್ಟು "ನೀವೇ ನೋಡಿ" ಅಂದರು: ಬಾವಿಕಟ್ಟೆ ಕಲ್ಲಿಗೆ ಹಗ್ಗ ಉಜ್ಜಿ ಬಿದ್ದ ಗೆರೆಗಳ ಹಾಗೆ ಒಳಗೆ ಸುತ್ತಲೂ ರೀಮರ್ (ಚೇಂಬರ್ ಕೊರೆಯುವ ಉಪಕರಣ) ಗುರುತು. ಮೊಂಡು ರೀಮರ್ ಅದುರುತ್ತಾ ಕೊರೆದದ್ದು, ಮೇಲೆ ಪಾಲಿಶ್ ಮಾಡೇ ಇಲ್ಲ. ಎರಡು ಚೇಂಬರನ್ನೂ ಬೇರೆ ಬೇರೆಯಾಗಿ ಕೊರೆಯೋದರಿಂದ ಒಂದು ಸರಿ, ಒಂದು ಕೆಟ್ಟದ್ದು ಆಗಬಹುದು ಅಂದರು. ಬುಡದ ಹತ್ತಿರ, ಮುಂದೆ, ಎರಡು ಕಡೆ ಅಳತೆ ತೆಗೆದರು. ಚೇಂಬರ್ ಬುಡದಲ್ಲಿ ಸುಮಾರು 20.65 ಮಿ.ಮೀ. ಇದ್ದು ಮುಂದಕ್ಕೆ 20.3ಕ್ಕೆ ಕಿರಿದಾಗಬೇಕು. ಆ ಇಳಿಜಾರು ಇದ್ದರೆ ಕೇಸು ಒಂದು ಎಳೆ ಜರುಗಿದ ತಕ್ಷಣ ಪೂರ್ತಿ ಬಿಡುತ್ತೆ. ಅದೃಷ್ಟಕ್ಕೆ ನನ್ನದರಲ್ಲಿ ಇಳಿಜಾರು ಸರಿ ಇತ್ತು, ಮೇಲ್ಮೈ ಮಾತ್ರ ಒರಟು. ಅದೂ ಕೆಟ್ಟಿದ್ದರೆ ನಳಿಗೆಯನ್ನೇ ಬದಲಾಯಿಸಬೇಕಿತ್ತು.

ಇಲ್ಲಿಂದ ಶುರುವಾಗೋದು ಕಾಗದದ ಗೋಳು. ನಂಬರ್ ಲೈಸೆನ್ಸ್ ಪುಸ್ತಕಕ್ಕೆ ಹತ್ತಿದ ಮೇಲೆ ಕೋವಿಯನ್ನು ಮಿಕ್ಸಿ ತರ ಪಾರ್ಸೆಲ್ ಹಾಕಿ ಕಳಿಸೋಕಾಗಲ್ಲ. ತಯಾರಕರು ಹೊರರಾಜ್ಯದವರು, ನನ್ನ ಲೈಸೆನ್ಸ್ ಕರ್ನಾಟಕಕ್ಕೆ ಮಾತ್ರ. ಕಳಿಸಬೇಕಾದರೆ ಅದಕ್ಕೇ ಅನುಮತಿ, ಅದಕ್ಕೆ ಓಡಾಟ. ಅಷ್ಟರಲ್ಲಿ ಬೆಳೆ ಕಾಯುವ ತಿಂಗಳು ಮುಗಿದಿರುತ್ತೆ. ತಿಮ್ಲಾಪುರ ಅಭಯಾರಣ್ಯದ 10 ಕಿ.ಮೀ. ಒಳಗಿನವರಿಗೆ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸುವ ಕೆಲಸ ಬೇರೆ ಇದೆ. ಅದಕ್ಕೇ ಹೇಳೋದು, ಪರೀಕ್ಷೆ ಎಲ್ಲ ನಂಬರ್ ಹತ್ತುವ ಮುಂಚೆ, ಟೆಸ್ಟ್ ಮಾಡುವ ಪರವಾನಗಿ ಇರುವವರ ಕಡೆಯೇ ಆಗಲಿ. ಹೊಡೆದ ಕೂಡಲೇ ಕೋವಿ ತೆರೆಯುವ ವಿಡಿಯೋ ಕೇಳಿ. ಮುಂಗಡದ ರಸೀದಿಯಲ್ಲೇ "ಎರಡೂ ನಳಿಗೆ ಹೊಡೆದು ಕೇಸು ತೋರಿಸತಕ್ಕದ್ದು" ಅಂತ ಬರೆಸಿ.

ಊರಿನ ಲೇತ್ ಅಂಗಡಿಯಲ್ಲಿ ಎಮರಿ ಹಾಕಿ ತಿಕ್ಕಿಸಿಬಿಡೋಣ ಅಂತ ಸಲಹೆ ಕೊಟ್ಟವರು ಕಡಿಮೆ ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ರಿಪೇರಿಗೂ ಲೈಸೆನ್ಸ್ ಬೇಕು, ಕೊಟ್ಟವನೂ ಮಾಡಿದವನೂ ಇಬ್ಬರೂ ಸಿಕ್ಕಿಹಾಕಿಕೊಳ್ತಾರೆ. ಅದಿರಲಿ, ಜಾಸ್ತಿ ತಿಕ್ಕಿದರೆ ಚೇಂಬರ್ ಅಗಲ ಆಗಿ ಕೇಸಿನ ಬುಡ ಉಬ್ಬುತ್ತೆ, ಆಗ ಯಾರಿಂದಲೂ ಸರಿ ಮಾಡೋಕಾಗಲ್ಲ. ಬೆಂಗಳೂರಿನವರು ತೆಗೆದದ್ದು ಕೂದಲೆಳೆಗಿಂತ ಕಡಿಮೆ, ಗೆರೆಯ ತುದಿ ಮಾತ್ರ. ಈಗ ಬಲಗಡೆ ಕೇಸೂ ಬೆರಳಲ್ಲಿ ಬರುತ್ತೆ.

ಖರ್ಚು ಕೊಡಿ ಅಂದರೆ ತಯಾರಕರು ಈಗ ಫೋನೇ ಎತ್ತಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಾವು ಇರುವ ಜಿಲ್ಲೆಯಲ್ಲೇ ದೂರು ಹಾಕಬಹುದು, ಎರಡು ವರ್ಷದೊಳಗೆ. ಕೊಟ್ಟ ಬೆಲೆ 5 ಲಕ್ಷದ ತನಕ ಇದ್ದರೆ ಶುಲ್ಕ ಇಲ್ಲ. ತುಮಕೂರಲ್ಲಿ ದೂರು ಸಿದ್ಧವಾಗ್ತಿದೆ. ಜೊತೆಗೆ ಇಟ್ಟಿರೋದು ಬಿಲ್ಲು, ರಿಪೇರಿಯವರು ಬರೆದುಕೊಟ್ಟ ಅಳತೆ, ಎಡ-ಬಲ ಅಂತ ಮಾರ್ಕರಲ್ಲಿ ಗುರುತು ಹಾಕಿದ ಖಾಲಿ ಕೇಸು. ನಿಮಗೂ ಹೀಗಾದರೆ ಕೇಸು ಎಸೆಯಬೇಡಿ, ತೊಳೆಯಲೂಬೇಡಿ. ವಕೀಲರು ಮೊದಲು ಕೇಳಿದ್ದು ಅವನ್ನೇ.