ಪೋಕರ್ ಆಟಗಾರನ ‘ಪಾಲು’ ಕೊಳ್ಳುವವರೇ, ಮೊದಲು ಆ ಪಾಲುಗಳನ್ನು ಕೂಡಿ ನೋಡಿ

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ತಿಂಗಳು ಯೋಚಿಸಿದ್ದೇನೆ. ಹೆಸರು ಹಾಕದಿದ್ದರೂ ಹೊಸನಗರದ ಕಡೆಯ ನಾಲ್ಕು ಜನರಿಗೆ ಇದು ಯಾರ ಕಥೆ ಎಂದು ಗೊತ್ತಾಗುತ್ತದೆ, ಗೊತ್ತಾದರೆ ಆಗಲಿ. ನಾನು ಕಳೆದುಕೊಂಡದ್ದು 3,82,000 ರೂಪಾಯಿ. ಅದನ್ನು ಇಸ್ಪೀಟು ಆಡಿ ಕಳೆದುಕೊಂಡಿದ್ದರೆ ಕನಿಷ್ಠ ಆಡಿದ ಸುಖವಾದರೂ ಉಳಿಯುತ್ತಿತ್ತು. ನಾನು ಒಂದೇ ಒಂದು ಎಲೆ ಮುಟ್ಟದೆ ಕಳೆದುಕೊಂಡೆ. ಆಟದ ಪಾಲು ಮಾರುತ್ತೇನೆಂದು ಆ ಹಣ ಪಡೆದ ಮನುಷ್ಯ ಇಂದಿಗೂ ಮಲೆನಾಡಿನ ಅಡಿಕೆ ಬೆಳೆಗಾರರ ನಡುವೆ ‘ವೃತ್ತಿಪರ ಪೋಕರ್ ಆಟಗಾರ’ ಎಂದು ಹೇಳಿಕೊಂಡು ತಿರುಗುತ್ತಿದ್ದಾನೆ, ಆದ್ದರಿಂದ ಬರೆಯುತ್ತಿದ್ದೇನೆ.

ಪರಿಚಯವಾದದ್ದು 2023ರಲ್ಲಿ, ದೂರದ ನೆಂಟರ ಮನೆಯ ಮದುವೆಯಲ್ಲಿ. ಬೆಂಗಳೂರಿನ ಕಂಪನಿ ಕೆಲಸ ಬಿಟ್ಟು ಶಿವಮೊಗ್ಗದಲ್ಲಿ ಬಾಡಿಗೆ ಮನೆ ಮಾಡಿದ್ದ ಹುಡುಗ. ಏನು ಮಾಡಿಕೊಂಡಿದ್ದೀಯ ಎಂದು ಕೇಳಿದ್ದಕ್ಕೆ ಸ್ವಲ್ಪವೂ ಅಳುಕಿಲ್ಲದೆ “ಪೋಕರ್ ಆಡ್ತೀನಿ ಅಣ್ಣಾ, ಅದೇ ನನ್ ಕೆಲ್ಸ” ಎಂದ. ನಮ್ಮ ತಂದೆಯವರು ದೀಪಾವಳಿಯ ಹೊರತು ಜಗಲಿಯ ಮೇಲೆ ಇಸ್ಪೀಟು ಕಟ್ಟು ಬಿಚ್ಚಲು ಬಿಡುತ್ತಿರಲಿಲ್ಲವಾದ್ದರಿಂದ ನಾನು ನಕ್ಕುಬಿಟ್ಟೆ. ಅವನು ನಗಲಿಲ್ಲ. ಅಂದರ್ ಬಾಹರ್‌ಗೂ ಇದಕ್ಕೂ ಇರುವ ವ್ಯತ್ಯಾಸವನ್ನು ಊಟದ ಪಂಕ್ತಿಯಲ್ಲೇ ವಿವರಿಸಿದ. ಪ್ರತಿಯೊಬ್ಬನಿಗೂ ಎರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಪಣ ಕಟ್ಟುವುದು ಕ್ಯಾಸಿನೋದ ವಿರುದ್ಧವಲ್ಲ, ಎದುರು ಕುಳಿತವರ ವಿರುದ್ಧ. ಆಡಿಸುವವರು ರೇಕ್ ಎಂಬ ಕಮಿಷನ್ ಮಾತ್ರ ಹಿಡಿದುಕೊಳ್ಳುತ್ತಾರೆ. ಆದ್ದರಿಂದ ಆ ಕಮಿಷನ್ನನ್ನೂ ಮೀರುವಷ್ಟು ಉಳಿದವರಿಗಿಂತ ಚೆನ್ನಾಗಿ ಆಡುವವನು ವರ್ಷಗಟ್ಟಲೆ ಆಡಿದರೆ ಲಾಭದಲ್ಲೇ ಇರುತ್ತಾನೆ ಎಂದ. ಇದರಲ್ಲಿ ಒಂದು ಮಾತೂ ಸುಳ್ಳಲ್ಲ. ಅವನು ಹೇಳಿದ್ದರಲ್ಲಿ ಬಹುಪಾಲು ನಿಜವೇ ಆಗಿತ್ತು, ನಾನು ಹಳ್ಳಕ್ಕೆ ಬಿದ್ದದ್ದೂ ಅದರಿಂದಲೇ.

ಆಮೇಲೆ ಅಮೆರಿಕದ ಕ್ರಿಸ್ ಮನಿಮೇಕರ್ ಎಂಬ ಲೆಕ್ಕಿಗನ ಕಥೆ ಹೇಳಿದ. ಆನ್‌ಲೈನಿನಲ್ಲಿ 86 ಡಾಲರಿನ ಅರ್ಹತಾ ಪಂದ್ಯ ಗೆದ್ದು, 2003ರಲ್ಲಿ ಲಾಸ್ ವೇಗಾಸಿನ ವರ್ಲ್ಡ್ ಸೀರೀಸ್ ಆಫ್ ಪೋಕರಿನ ಮುಖ್ಯ ಪಂದ್ಯಕ್ಕೆ ಹೋಗಿ, 25 ಲಕ್ಷ ಡಾಲರ್ ಗೆದ್ದವನು. ಅದೂ ನಿಜವೇ. ಆ ಪಂದ್ಯದಲ್ಲಿ ಆಡಿದವರು 839 ಜನ, ಬಹುಮಾನದ ಹಣ ಸಿಕ್ಕಿದ್ದು 63 ಜನರಿಗೆ ಮಾತ್ರ ಎಂಬುದನ್ನು ಅವನು ಹೇಳಲಿಲ್ಲ. ಅದನ್ನು ನಾನು ಹಣ ಕಳೆದುಕೊಂಡ ಮೇಲೆ ಓದಿಕೊಂಡೆ. ಕಾನೂನಿನ ಮಾತೆತ್ತಿದರೆ, 2021ರಲ್ಲಿ ನಮ್ಮ ರಾಜ್ಯ ಸರ್ಕಾರ ತಂದಿದ್ದ, ಹಣವಿಟ್ಟು ಆಡುವ ಆನ್‌ಲೈನ್ ಆಟಗಳ ನಿಷೇಧದ ತಿದ್ದುಪಡಿಯ ಮುಖ್ಯ ಕಲಮುಗಳನ್ನು 2022ರ ಫೆಬ್ರವರಿ 14ರಂದು ಹೈಕೋರ್ಟ್ ರದ್ದುಪಡಿಸಿದ್ದನ್ನು ಮೊಬೈಲಿನಲ್ಲಿ ತೆಗೆದು ತೋರಿಸಿದ. ಆಟದಲ್ಲಿ ಕೌಶಲ್ಯವಿದೆ ಎಂದು ನ್ಯಾಯಾಲಯ ಹೇಳಿದ್ದನ್ನು ಆಟಗಾರ ಪ್ರಾಮಾಣಿಕ ಎಂದು ನಾನು ಓದಿಕೊಂಡೆ.

ಅವನ ಮನೆಗೂ ಹೋಗಿದ್ದೆ. ಎರಡು ಪರದೆಗಳ ಮೇಲೆ ಆರು ಮೇಜಿನ ಆಟ ಒಟ್ಟಿಗೆ ನಡೆಯುತ್ತಿತ್ತು. ಒಂದು ಗಂಟೆ ಕುಳಿತು ನೋಡಿದೆ. ಅವನು ಹೆಚ್ಚಿನ ಸಲ ಎಲೆ ಬಿಸಾಡುತ್ತಲೇ ಇದ್ದ, ಗುಲಾಮ ಬಂದರೂ ಬಿಸಾಡುತ್ತಿದ್ದ, ಎಕ್ಕ ಬಂದರೂ ಜೊತೆಯ ಎಲೆ ಸಣ್ಣದಾದರೆ ಬಿಸಾಡುತ್ತಿದ್ದ. ಪಕ್ಕದಲ್ಲಿ ಒಂದು ನೋಟ್‌ಬುಕ್ ಇತ್ತು, ಅದರಲ್ಲಿ ದಿನಾಂಕ, ಎಂಟ್ರಿ ಹಣ, ಬಂದ ಹಣ ಎಂದು ನೀಲಿ ಶಾಯಿಯಲ್ಲಿ ಮೂರು ಕಂಬ. ಮಂಡಿಯ ಗುಮಾಸ್ತನ ಅಚ್ಚುಕಟ್ಟು. ಇಷ್ಟು ತಾಳ್ಮೆ ಇರುವವನು ಜೂಜುಕೋರನಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಸ್ ಹತ್ತಿದೆ.

ಇನ್ನೊಂದು ದಾಖಲೆ ತೋರಿಸಿದ, ಅದರ ಬಗ್ಗೆ ಎಲ್ಲರೂ ತಿಳಿದುಕೊಳ್ಳಬೇಕು. ಹೆಂಡನ್ ಮಾಬ್ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕ್ಯಾಸಿನೋಗಳಲ್ಲಿ ನಡೆಯುವ ಟೂರ್ನಮೆಂಟುಗಳ ಫಲಿತಾಂಶ ದಾಖಲಾಗುತ್ತದೆ, ಅದರಲ್ಲಿ ಅವನ ಹೆಸರಿನ ಮುಂದೆ ನಲವತ್ತೊಂದು ಸಾವಿರ ಡಾಲರ್ ಇತ್ತು. ನಾನು ಅದನ್ನು ಲಾಭ ಎಂದುಕೊಂಡೆ. ಅಲ್ಲ. ಆ ಪಟ್ಟಿಯಲ್ಲಿರುವುದು ಬಂದ ಬಹುಮಾನ ಮಾತ್ರ. ಎಷ್ಟು ಟೂರ್ನಮೆಂಟಿಗೆ ಎಷ್ಟು ಎಂಟ್ರಿ ಕಟ್ಟಿ ಸೋತ ಎಂಬುದು ಅಲ್ಲಿ ಇರುವುದೇ ಇಲ್ಲ. ಮಂಡಿಯಲ್ಲಿ ಅಡಿಕೆ ಮಾರಿ ಬಂದ ಹಣವನ್ನಷ್ಟೇ ಬರೆದು, ಕೊನೆ ಕೊಯ್ಲಿನ ಕೂಲಿ, ಸುಲಿದವರ ಲೆಕ್ಕ, ಗೊಬ್ಬರ, ಔಷಧಿ ಯಾವುದನ್ನೂ ಬರೆಯದೆ ‘ಇದು ನನ್ನ ವರ್ಷದ ಆದಾಯ’ ಎಂದು ತೋರಿಸಿದರೆ ನಾವು ಯಾರಾದರೂ ಒಪ್ಪುತ್ತೇವೆಯೇ? ಇಪ್ಪತ್ತು ವರ್ಷ ತೋಟದ ಲೆಕ್ಕ ಬರೆದ ನಾನು ಇದನ್ನು ಒಪ್ಪಿದೆ.

ವ್ಯವಹಾರ ಹೀಗಿತ್ತು. ವೃತ್ತಿಪರ ಆಟಗಾರರು ಎಂಟ್ರಿ ಹಣವನ್ನೆಲ್ಲ ಸ್ವಂತ ಜೇಬಿನಿಂದ ಹಾಕುವುದಿಲ್ಲ, ತಮ್ಮ ಆಟದ ಪಾಲು ಮಾರುತ್ತಾರೆ. ಇದು ಪ್ರಪಂಚದಾದ್ಯಂತ ಇರುವ ಪದ್ಧತಿ. ಅರ್ಧ ಪಾಲು ಕೊಂಡವನಿಗೆ ಬಂದ ಬಹುಮಾನದಲ್ಲಿ ಅರ್ಧ. ಅದರ ಮೇಲೆ ಮಾರ್ಕಪ್ ಎಂಬುದೊಂದು ಉಂಟು, ಅಂದರೆ ಆಟಗಾರನ ಕೈಚಳಕಕ್ಕೆ ಕಟ್ಟುವ ಹೆಚ್ಚುವರಿ ಬೆಲೆ. ಇವನ ಮಾರ್ಕಪ್ 1.2. ಒಂದು ರೂಪಾಯಿಯ ಪಾಲಿಗೆ ನಾನು ಒಂದು ರೂಪಾಯಿ ಇಪ್ಪತ್ತು ಪೈಸೆ ಕೊಡಬೇಕು, ಅವನು ಸರಾಸರಿ ನೂರಕ್ಕೆ ಇಪ್ಪತ್ತು ಲಾಭ ಮಾಡಿದರೆ ನನಗೆ ಅಸಲು ಮಾತ್ರ ಬರುತ್ತದೆ. ಇದನ್ನು ಈಗ ಬರೆಯುವಾಗ ಕೈ ನಡುಗುತ್ತದೆ, ಆಗ ಮಾತ್ರ ಬಹಳ ನ್ಯಾಯವಾಗಿ ಕಂಡಿತ್ತು.

2024ರ ಮಾರ್ಚಿನಲ್ಲಿ ಗೋವಾದ ಟೂರ್ನಮೆಂಟುಗಳಿಗೆಂದು 3 ಲಕ್ಷದ ಮೊದಲ ಪ್ಯಾಕೇಜ್, ಅಂದರೆ ಹಲವು ಟೂರ್ನಮೆಂಟುಗಳ ಎಂಟ್ರಿ ಹಣ ಒಟ್ಟಿಗೆ. ಅರ್ಧ ಪಾಲಿಗೆ ಮಾರ್ಕಪ್ ಸೇರಿ 1,80,000 ಕೊಟ್ಟೆ. ಒಂದರಲ್ಲಿ 76,000 ಬಂತೆಂದು ನನ್ನ ಪಾಲಿನ 38,000 ರೂಪಾಯಿಯನ್ನು ಮರುದಿನ ಬೆಳಿಗ್ಗೆಯೇ ಖಾತೆಗೆ ಹಾಕಿದ. ನಷ್ಟವಾಯಿತು ನಿಜ, ಆದರೆ ಹುಡುಗ ಲೆಕ್ಕದಲ್ಲಿ ಶುದ್ಧ ಎಂದುಕೊಂಡೆ. ಆ 38,000 ಎಷ್ಟು ಕೆಲಸ ಮಾಡಿತೆಂದರೆ, 2025ರ ಜೂನಿನಲ್ಲಿ ಅವನು ಆನ್‌ಲೈನ್ ಸರಣಿಗೆಂದು 4 ಲಕ್ಷದ ಎರಡನೇ ಪ್ಯಾಕೇಜ್ ತಂದಾಗ, ಅಡಿಕೆಯ ಕೊಳೆ ರೋಗ ತಡೆಯುವ ಬೋರ್ಡೋ ಸಿಂಪಡಣೆಗೂ ಕೂಲಿಗೂ ಎತ್ತಿಟ್ಟಿದ್ದ ಹಣಕ್ಕೆ ಇನ್ನಷ್ಟು ಸೇರಿಸಿ 2,40,000 ಕೊಟ್ಟೆ. ಮನೆಯವಳಿಗೆ ಹೇಳಲಿಲ್ಲ. ಆ ಮಳೆಗಾಲ ತೋಟಕ್ಕೆ ಒಂದೇ ಸಲ ಔಷಧಿ ಹೊಡೆದದ್ದು, ಕೆಳಗಿನ ಭಾಗದಲ್ಲಿ ಕೊಳೆ ಬಂದು ಕಾಯಿ ಉದುರಿದ್ದು, ಏಕೆ ಎಂದು ಅವಳು ಕೇಳಿದಾಗ ಆಳು ಸಿಗಲಿಲ್ಲ ಎಂದು ನಾನು ಹೇಳಿದ್ದು, ಇವನ್ನು ನೆನೆಸಿಕೊಂಡರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ.

ಜುಲೈ ತಿಂಗಳಿಡೀ ಸಂದೇಶಗಳು ಬಂದವು. ಕೈಯಲ್ಲಿ ಎರಡು ರಾಜ, ಎದುರಾಳಿಗೆ ಎರಡು ಎಕ್ಕ, ಔಟ್. ನಾಲ್ಕು ದಿನ ಬಿಟ್ಟು ಮತ್ತೆ ಎರಡು ರಾಜ, ಮತ್ತೆ ಎದುರಾಳಿಗೆ ಎರಡು ಎಕ್ಕ. ಎರಡು ಎಕ್ಕ ಒಟ್ಟಿಗೆ ಬರುವುದು ಸರಾಸರಿ 221 ಸಲಕ್ಕೆ ಒಮ್ಮೆ ಎಂದು ನನಗೆ ಕಲಿಸಿದವನೇ ಅವನು. ಮೂರನೆಯ ಸಲವೂ ಅದೇ ಬಂದಾಗ ಕೇಳಿದೆ. “ಇದಕ್ಕೇ ವೇರಿಯನ್ಸ್ ಅನ್ನೋದು ಅಣ್ಣಾ, ಅದೃಷ್ಟದ ಏರಿಳಿತ. ನಿಮ್ ತೋಟಕ್ಕೆ ಒಂದು ವರ್ಷ ಕೊಳೆ ಬಂದ್ರೆ ತೋಟ ಕಡಿದು ಹಾಕ್ತೀರಾ?” ಎಂದು ಬರೆದ. ನನ್ನ ತೋಟಕ್ಕೆ ಕೊಳೆ ಬಂದದ್ದು ಅವನಿಗೆ ಕೊಟ್ಟ ಹಣದಿಂದಲೇ.

ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು, ಕೌಶಲ್ಯದ್ದಿರಲಿ ಅದೃಷ್ಟದ್ದಿರಲಿ ಭೇದವಿಲ್ಲದೆ, ನಿಷೇಧಿಸುವ ಕಾಯ್ದೆಯನ್ನು ಸಂಸತ್ತು ಅಂಗೀಕರಿಸಿತು; 22ರಂದು ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಅದೇ ಸಂಜೆ ಇವನ ಸಂದೇಶ: “ಆ್ಯಪ್ ಬಂದ್ ಆಯ್ತು ಅಣ್ಣಾ, ಉಳಿದ ದುಡ್ಡೆಲ್ಲ ಒಳಗೇ ಸಿಕ್ಕಾಕೊಂಡಿದೆ, ಸರ್ಕಾರ ನಮ್ ಹೊಟ್ಟೆ ಮೇಲೆ ಹೊಡೀತು.” ನಾನು ಅವನಿಗೇ ಸಮಾಧಾನ ಹೇಳಿದೆ! ಖಾತೆಯಲ್ಲಿ ಉಳಿದ ಹಣವನ್ನು ಆಟಗಾರರು ಹಿಂತೆಗೆದುಕೊಳ್ಳಬಹುದು ಎಂದು ದೊಡ್ಡ ಕಂಪನಿಗಳು ಆ ದಿನಗಳಲ್ಲೇ ಪ್ರಕಟಿಸಿದ್ದವು, ಪತ್ರಿಕೆಗಳಲ್ಲೂ ಬಂದಿತ್ತು, ನಾನು ನೋಡಿರಲಿಲ್ಲ.

ನವೆಂಬರಿನಲ್ಲಿ ಸಾಗರ ರಸ್ತೆಯ ಎಪಿಎಂಸಿಗೆ ಹಳೆ ಅಡಿಕೆ ನಾಲ್ಕು ಚೀಲ ತೆಗೆದುಕೊಂಡು ಹೋಗಿದ್ದೆ. ಟೆಂಡರ್ ದರ ಬರುವವರೆಗೆ ಮಂಡಿಯ ಬೆಂಚಿನ ಮೇಲೆ ಕುಳಿತಿದ್ದಾಗ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಮಾತಿಗೆ ಸಿಕ್ಕರು. ಆನ್‌ಲೈನ್ ಆಟದ ನಿಷೇಧದ ಮಾತು ಬಂತು. ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ, “ನಂದೂ ಒಂದಿಷ್ಟು ಹೋಯ್ತು ಮಾರಾಯ್ರೇ, ಒಬ್ಬ ಹುಡುಗನ ಆಟದಲ್ಲಿ ನಲವತ್ತು ಪರ್ಸೆಂಟ್ ತಗೊಂಡಿದ್ದೆ” ಎಂದರು. ಯಾವ ಹುಡುಗ ಎಂದೆ. ಅದೇ ಹುಡುಗ. ಯಾವ ಪ್ಯಾಕೇಜ್ ಎಂದೆ. ಅದೇ ಜೂನಿನ 4 ಲಕ್ಷದ ಪ್ಯಾಕೇಜ್. ನನ್ನದು ಐವತ್ತು, ಇವರದು ನಲವತ್ತು, ಇನ್ನೂ ಹತ್ತು ಅವನದೇ ಇರಬೇಕು ಎಂದು ಒಂದು ಕ್ಷಣ ನೆಮ್ಮದಿಯೇ ಆಯಿತು. ಆಗ ಮೇಷ್ಟ್ರು, ಸಾಗರದಲ್ಲಿ ಅಂಗಡಿ ಇಟ್ಟಿರುವ ತಮ್ಮ ಷಡ್ಡಕರೂ ಮೂವತ್ತೈದು ತೆಗೆದುಕೊಂಡಿದ್ದಾರೆ ಎಂದರು.

ನಾನು ತೂಕದ ಚೀಟಿಯ ಹಿಂಬದಿಯಲ್ಲಿ ಬರೆದೆ. 50, 40, 35. ಅಡ್ಡಗೆರೆ. 125.

ಆ ಚೀಟಿ ಈಗಲೂ ನನ್ನ ಹತ್ತಿರ ಇದೆ. ಒಂದು ಹಸುವಿನ ನೂರಾ ಇಪ್ಪತ್ತೈದು ಪಾಲು ಹೇಗೆ ಮಾರುತ್ತಾರೆ ಎಂದು ಮೇಷ್ಟ್ರು ಎರಡು ಸಲ ಕೇಳಿದರು. ಅಲ್ಲಿಯೇ ಕುಳಿತು ಲೆಕ್ಕ ಹಾಕಿದೆವು. ನಾನು ಕೊಟ್ಟದ್ದು 2,40,000, ಮೇಷ್ಟ್ರು 1,92,000, ಅವರ ಷಡ್ಡಕರು 1,68,000. ಒಟ್ಟು 6 ಲಕ್ಷ. ಎಂಟ್ರಿಗೆ ಬೇಕಾದದ್ದು 4 ಲಕ್ಷ. ಒಂದು ಎಲೆ ಹಂಚುವ ಮೊದಲೇ 2 ಲಕ್ಷ ಅವನ ಜೇಬಿನಲ್ಲಿ. ಅಷ್ಟೇ ಆಗಿದ್ದರೆ ಆಸೆಬುರುಕ ಎನ್ನಬಹುದಿತ್ತು. ಮುಂದಿನದನ್ನು ನೋಡಿ. ಅವನು 20 ಲಕ್ಷ ಗೆದ್ದಿದ್ದರೆ ನನಗೆ 10, ಮೇಷ್ಟ್ರಿಗೆ 8, ಅವರ ಷಡ್ಡಕರಿಗೆ 7 ಲಕ್ಷ ಕೊಡಬೇಕಿತ್ತು, ಅಂದರೆ 20 ಗೆದ್ದು 25 ಕೊಡಬೇಕು. ಗೆದ್ದರೆ ಅವನು ಮುಳುಗುತ್ತಿದ್ದ, ಸೋತರೆ ಮಾತ್ರ ಉಳಿಯುತ್ತಿದ್ದ. ನಾನು ಪ್ರತಿ ಶನಿವಾರ ರಾತ್ರಿ ಮಲಗುವಾಗ ಈ ಹುಡುಗ ಗೆಲ್ಲಲಿ ಎಂದು ದೇವರನ್ನು ಬೇಡಿಕೊಳ್ಳುತ್ತಿದ್ದೆ. ಅತ್ತ ಅವನಿಗೆ ಬೇಕಾಗಿದ್ದದ್ದು ಸೋಲು. ಸೋಲಲಾದರೂ ಆಡಿದನೋ, ಆ ಎರಡು ರಾಜ ಎರಡು ಎಕ್ಕ ಕೂತಲ್ಲೇ ಬರೆದದ್ದೋ, ಯಾರಿಗೆ ಗೊತ್ತು.

ಅಲ್ಲಿಂದಲೇ ಫೋನ್ ಮಾಡಿದೆ, ತೆಗೆಯಲಿಲ್ಲ. ಒಟ್ಟು ಎಷ್ಟು ಪರ್ಸೆಂಟ್ ಮಾರಿದ್ದೀಯ ಎಂದು ಸಂದೇಶ ಹಾಕಿದೆ. ಅರ್ಧ ಗಂಟೆಯ ಮೇಲೆ ಉತ್ತರ ಬಂತು: “ಅದು ಬೇರೆ ಬೇರೆ ಪ್ಯಾಕೇಜ್ ಅಣ್ಣಾ.” ಮೇಷ್ಟ್ರ ಮೊಬೈಲಿನಲ್ಲಿದ್ದ ಪಟ್ಟಿಯನ್ನೂ ನನ್ನ ಪಟ್ಟಿಯನ್ನೂ ಒಟ್ಟಿಗೆ ಕಳಿಸಿದೆ, ಟೂರ್ನಮೆಂಟುಗಳ ಹೆಸರು, ದಿನ, ಎಂಟ್ರಿ ಒಂದಕ್ಷರ ವ್ಯತ್ಯಾಸವಿರಲಿಲ್ಲ. “ನಿಮ್ಗೆ ಪೋಕರ್ ಅರ್ಥ ಆಗಲ್ಲ ಬಿಡಿ.” ಎಂಟ್ರಿ ಕಟ್ಟಿದ ರಸೀದಿ ಕಳಿಸು ಎಂದೆ. “ಸ್ವಂತ ತಮ್ಮನ ಹತ್ರ ಹಿಂಗೆ ರಸೀದಿ ಕೇಳ್ತೀರಾ?” ಪೊಲೀಸಿಗೆ ಹೋಗುತ್ತೇನೆ ಎಂದೆ. “ಹೋಗಿ ಅಣ್ಣಾ. ಜೂಜಿಗೆ ದುಡ್ಡು ಕೊಟ್ಟಿದ್ದೆ ಅಂತ ನಿಮ್ ಬಾಯಲ್ಲೇ ಹೇಳಿ. ಅತ್ತಿಗೆಗೂ ಹೇಳಿ.” ಆಮೇಲೆ ನನ್ನ ನಂಬರನ್ನು ಬ್ಲಾಕ್ ಮಾಡಿದ.

ಎರಡು ವರ್ಷ ಕೌಶಲ್ಯದ ಆಟ, ಕೌಶಲ್ಯದ ಆಟ ಎಂದು ನನಗೆ ಪಾಠ ಹೇಳಿದವನು ಹಣ ಕೇಳಿದ ದಿನ ಅದನ್ನು ಜೂಜು ಎಂದ. ಮತ್ತು ‘ಅತ್ತಿಗೆಗೂ ಹೇಳಿ’ ಎಂಬ ಆ ಮಾತು. ಮನೆಯಲ್ಲಿ ಹೇಳಿರುವುದಿಲ್ಲ ಎಂದು ಅವನಿಗೆ ಮೊದಲಿನಿಂದಲೂ ಗೊತ್ತಿತ್ತು, ಅದನ್ನೂ ಲೆಕ್ಕಕ್ಕೆ ಹಿಡಿದೇ ನನ್ನನ್ನು ಆರಿಸಿಕೊಂಡಿದ್ದ. ಆ ರಾತ್ರಿಯೇ ಹೇಳಿದೆ. ಅವಳು ಬೈಯಲಿಲ್ಲ, “ಹಾಗಾದ್ರೆ ಆಳು ಸಿಕ್ಕಿದ್ರು” ಎಂದಷ್ಟೇ ಹೇಳಿ ಒಳಗೆ ಹೋದಳು.

ಶಿವಮೊಗ್ಗದ ವಕೀಲರೊಬ್ಬರನ್ನು ಕಂಡೆವು. 1872ರ ಕರಾರು ಕಾಯ್ದೆಯ 30ನೇ ಕಲಮಿನಂತೆ ಪಂತದ ಕರಾರಿಗೆ ಬೆಲೆಯಿಲ್ಲ, ಗೆದ್ದ ಪಾಲು ಕೊಡಿಸಿ ಎಂದು ದಾವೆ ಹೂಡಿದರೆ ಅವನು ಅದನ್ನೇ ಹಿಡಿದುಕೊಳ್ಳುತ್ತಾನೆ, ಆದರೆ ಇರದ ಪಾಲು ಮಾರಿ ಹಣ ಪಡೆದದ್ದು ವಂಚನೆ, ಅದು ಬೇರೆಯೇ ವಿಷಯ ಎಂದರು. ಮೂವರೂ ಸೇರಿ ಸೈಬರ್ ಮತ್ತು ಆರ್ಥಿಕ ಅಪರಾಧಗಳನ್ನು ನೋಡುವ ಸಿಇಎನ್ ಪೊಲೀಸ್ ಠಾಣೆಯಲ್ಲಿ ದೂರು ಕೊಟ್ಟಿದ್ದೇವೆ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡುವುದಿದ್ದರೆ ಹಣ ಹೋದ ಕೂಡಲೇ ಮಾಡಬೇಕು. ನಾನು ಐದು ತಿಂಗಳ ನಂತರ ಮಾಡಿದೆ.

ಯಾರಾದರೂ ನಿಮಗೆ ಪಾಲು ಮಾರಲು ಬಂದರೆ, ಪಾಲು ಕೊಂಡ ಎಲ್ಲರನ್ನೂ ಒಂದೇ ಗುಂಪಿನಲ್ಲಿ ಸೇರಿಸಿ ಯಾರದು ಎಷ್ಟು ಎಂದು ಬರೆಯಲು ಹೇಳಿ, ಪ್ರತಿ ಎಂಟ್ರಿಯ ರಸೀದಿಯನ್ನು ಅದೇ ದಿನ ಕೇಳಿ, ಗೆದ್ದ ಪಟ್ಟಿಯ ಜೊತೆ ಸೋತ ಪಟ್ಟಿಯನ್ನೂ ಕೇಳಿ. ಆನ್‌ಲೈನ್ ಪ್ಯಾಕೇಜ್ ಎಂದರೆ ಮಾತೇ ಆಡಬೇಡಿ, ಅದು ಈಗ ದೇಶದಲ್ಲಿ ನಿಷಿದ್ಧ. ನನ್ನನ್ನು ಕೇಳಿದರೆ ಯಾವ ಪ್ಯಾಕೇಜೂ ಬೇಡ, ಆ ಹಣದಲ್ಲಿ ತೋಟಕ್ಕೆ ಔಷಧಿ ಹೊಡೆಸಿ.

ಮೊನ್ನೆ ಮೇಷ್ಟ್ರು ಫೋನ್ ಮಾಡಿದ್ದರು. ಕೊಪ್ಪದ ಕಡೆಯ ಅವರ ಹಳೆಯ ಶಿಷ್ಯನೊಬ್ಬನಿಗೆ ಹೊಸ ನಂಬರಿನಿಂದ ಸಂದೇಶ ಬಂದಿದೆಯಂತೆ. ಗೋವಾ ಸರಣಿ, 5 ಲಕ್ಷದ ಪ್ಯಾಕೇಜ್, ಸ್ವಲ್ಪವೇ ಪಾಲು ಉಳಿದಿದೆ, ಬೇಗ ಹೇಳಿ ಅಣ್ಣಾ ಎಂದು. ಮಾರ್ಕಪ್ ಈ ಸಲ 1.3.