ಬೋ ಶಾಕ್‌ನ ವಿದ್ಯುತ್ ಕ್ಷೇತ್ರ: ಕ್ಲಸ್ಟರ್ ಡೇಟಾನಾ, ಎಂಎಂಎಸ್ ಡೇಟಾನಾ?

ಸೌರಮಾರುತ, ಅಂದರೆ ಸೂರ್ಯನಿಂದ ಹರಿದು ಬರುವ ವಿದ್ಯುತ್ ಕಣಗಳ ಪ್ರವಾಹ, ಭೂಮಿಯ ಕಾಂತಕ್ಷೇತ್ರಕ್ಕೆ ಬಡಿಯುವ ಮುಂಚೆಯೇ ಅದರ ಮುಂದಿರುವ ಆಘಾತ ಅಲೆಯಲ್ಲಿ, ಅಂದರೆ ಬೋ ಶಾಕ್‌ನಲ್ಲಿ, ವೇಗ ಕಳೆದುಕೊಳ್ಳುತ್ತದೆ. ಅಲ್ಲಿನ ವಿದ್ಯುತ್ ಕ್ಷೇತ್ರದ ಮೇಲೆ ಪ್ರಾಜೆಕ್ಟ್ ಮಾಡಬೇಕು, ಯಾವ ಡೇಟಾ ಹಿಡಿಯಲಿ ಅಂತ ಕೇಳಿದರೆ, ಹೆಚ್ಚಿನವರಿಗೆ ನಾನು ಹೇಳೋದು ನಾಸಾದ ನಾಲ್ಕು ಉಪಗ್ರಹಗಳ ತಂಡ ಎಂಎಂಎಸ್ (ಮ್ಯಾಗ್ನೆಟೋಸ್ಫಿಯರಿಕ್ ಮಲ್ಟಿಸ್ಕೇಲ್).

ಯುರೋಪಿನ ಕ್ಲಸ್ಟರ್ 2000ರಲ್ಲಿ ಹಾರಿತು. ಇದೂ ನಾಲ್ಕು ಉಪಗ್ರಹಗಳ ತಂಡವೇ. ಆದರೆ ವಿದ್ಯುತ್ ಕ್ಷೇತ್ರ ಅಳೆಯುವ ಇದರ ತಂತಿಗಳು, ತುದಿಯಿಂದ ತುದಿಗೆ 88 ಮೀಟರ್, ಉಪಗ್ರಹ ತಿರುಗುವ ಸಮತಲದಲ್ಲಿ ಮಾತ್ರ ಇವೆ. ಮೂರನೇ ದಿಕ್ಕನ್ನು ಅಳೆಯುವುದಿಲ್ಲ. ಕಾಂತಕ್ಷೇತ್ರದ ಉದ್ದಕ್ಕೆ ವಿದ್ಯುತ್ ಕ್ಷೇತ್ರ ಸೊನ್ನೆ ಎಂದುಕೊಂಡು ಲೆಕ್ಕ ಹಾಕುತ್ತಾರೆ. ಶಾಕ್‌ನೊಳಗಿನ ಪುಟ್ಟ ಅಲೆಗಳಿಗೆ ಈ ಊಹೆಯೇ ಕೈಕೊಡುತ್ತದೆ, ಅಲ್ವಾ?

2015ರ ಎಂಎಂಎಸ್‌ಗೆ 120 ಮೀಟರ್ ತಂತಿಗಳ ಜೊತೆ ಉಪಗ್ರಹ ತಿರುಗುವ ಅಕ್ಷದ ದಿಕ್ಕಿನಲ್ಲೂ ಕಡ್ಡಿಗಳಿವೆ. ಬರ್ಸ್ಟ್ ಮೋಡ್‌ನಲ್ಲಿ, ಅಂದರೆ ಸ್ವಲ್ಪ ಹೊತ್ತು ಅತಿವೇಗವಾಗಿ ಅಳೆಯುವಾಗ, ಸೆಕೆಂಡಿಗೆ 8192 ಅಳತೆ! ಎಲೆಕ್ಟ್ರಾನ್ ಡೇಟಾ ಪ್ರತಿ 30 ಮಿಲಿಸೆಕೆಂಡಿಗೆ ಸಿಗುತ್ತದೆ. ಕ್ಲಸ್ಟರ್‌ಗೆ ಎಲೆಕ್ಟ್ರಾನ್‌ಗಳ ಪೂರ್ತಿ ಚಿತ್ರ ಬೇಕೆಂದರೆ ಒಂದು ಸುತ್ತು, ಅಂದರೆ 4 ಸೆಕೆಂಡ್ ಬೇಕು. ಅಷ್ಟರಲ್ಲಿ ಶಾಕ್‌ನ ಕಡಿದಾದ ಭಾಗ ದಾಟಿ ಹೋಗಿರಬಹುದು.

ಹಾಗಂತ ಎಂಎಂಎಸ್ ಅನ್ನು ಸುಮ್ನೆ ನಂಬಬೇಡಿ. ಅಕ್ಷದ ಕಡ್ಡಿಗಳ ಅಂತರ ಸುಮಾರು 30 ಮೀಟರ್ ಅಷ್ಟೇ. ಆ ದಿಕ್ಕಿನ ನಿಧಾನ ಬದಲಾಗುವ ಕ್ಷೇತ್ರದಲ್ಲಿ ತಪ್ಪು ಜಾಸ್ತಿ. ಶಾಕ್‌ನ ಆಚೀಚೆಯ ವೋಲ್ಟೇಜ್ ಲೆಕ್ಕ ಹಾಕುವಾಗ ಇದು ಕಾಡುತ್ತದೆ. ಬರ್ಸ್ಟ್ ಡೇಟಾ ಕೂಡ ಆಯ್ದ ತುಣುಕುಗಳಿಗೆ ಮಾತ್ರ.

ವರ್ಷಗಟ್ಟಲೆಯ ಅಂಕಿಅಂಶ ಬೇಕೇ? ಉಪಗ್ರಹಗಳ ನಡುವೆ ಸಾವಿರಾರು ಕಿಲೋಮೀಟರ್ ಅಂತರ ಬೇಕೇ? ಆಗ 2024ರವರೆಗೆ ದುಡಿದ ಕ್ಲಸ್ಟರ್ ಹಿಡಿಯಿರಿ. ಎರಡೂ ಡೇಟಾ ಉಚಿತ.